ಕಿತ್ತೂರ ಕೋಟೆಯೊಳಗೆ ಒಂದು ವಿಚಾರಣೆ



ದೊಡ್ಡ ಪಟ್ಟಣಗಳಲ್ಲಿ ಹಿಂದೆ ಕೊಲೆ ಸುಲಿಗೆಗಳು ನಡೆದ ಸ್ಥಳಗಳನ್ನು ಪ್ರವಾಸಿಗರಿಗೆ ಕಾಲ್ನಡಿಗೆಯಿಂದ ತೋರಿಸುತ್ತ ಕಥೆ ಹೇಳುವ ಮಾರ್ಗದರ್ಶಕರು ಇರುವರು. ಲಂಡನ್ನಿನ ವೈಟ್‌ಚಾಪೆಲ್ ಪೇಟೆಯು ಇದಕ್ಕೆ ಹೆಸರಾದದ್ದು. ಅಲ್ಲಿ 1888ನೆಯ ಇಸವಿಯಲ್ಲಿ ಐವರು ಬಡ ಹೆಂಗಸರು ಕೊಲೆಯಾದರು. ಕೊಂದವನು ಯಾರೆಂಬದು ಇಂದಿಗೂ ಸಿದ್ಧವಾಗಿಲ್ಲ. ಆದಾಗ್ಯೂ ‘ಜ್ಯಾಕ್ ದಿ ರಿಪ್ಪರ್’ ಎಂಬ ಅವನ ಅಡ್ಡಹೆಸರನ್ನು ಜಗತ್ತೆಲ್ಲ ಬಲ್ಲದು. ಸತ್ತವರಾದ ಮೇರಿ ಆ್ಯನ್ ನಿಕೋಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರಿನ್ ಎಡೋಸ್, ಮೇರಿ ಜೇನ್ ಕೆಲ್ಲಿ ಇವರ ಹೆಸರು ಬಲ್ಲವರು ಬಹು ಕಡಿಮೆ. 2019ರಲ್ಲಿ ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ವಿದುಷಿಯು ಈ ಐವರ ಬಾಳನ್ನೇ ವಿಷಯವಾಗಿಟ್ಟುಕೊಂಡು ಗ್ರಂಥ ಬರೆದಳು. ಕೊಂದವನ ಹೆಸರು ಉಳಿದು ಸತ್ತವಳ ಹೆಸರು ಅಳಿಯುವದು ನ್ಯಾಯವೇ ಎಂಬ ಪ್ರಶ್ನೆಯು ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವ ನಮ್ಮನ್ನು ಬಹಳ ದಿನ ಕಾಡಿತು.

ನಮ್ಮ ಎಂ.ಕೆ. ಹುಬ್ಬಳ್ಳಿಗೆ ಕಿತ್ತೂರು ಕೆಲವೇ ಮೈಲು. ಅಲ್ಲಿಯ ಕೋಟೆಯ ಚರಿತ್ರೆಯು ಕೃತ್ರಿಮ ಪತ್ರ, ಕೊಲೆ, ದರೋಡೆ ಎಂದು ಒಂದು ಕಾಲಕ್ಕೆ ಸರಕಾರದ ಕಾಗದಗಳಲ್ಲಿ ಸೇರಿದ್ದ ಚರಿತ್ರೆಯೇ ಆಗಿದೆ. ಆದುದರಿಂದ ಹತ್ತನೆಯ ಇಯತ್ತೆಯ ಹುಡುಗಿಯರನ್ನು ಅಲ್ಲಿಗೆ ಕರೆದೊಯ್ದು, ಕೋಟೆಯನ್ನು ನಡೆದು ತೋರಿಸಬೇಕೆಂದು ನಿಶ್ಚಯಿಸಿದೆವು.

ಹೊರಡುವ ಮೊದಲು ಒಬ್ಬ ತಾಯಿ ಬಂದು, “ಅಕ್ಕಾರ, ಹೆಣ್ಣುಮಕ್ಕಳಿಗೆ ಕೊಲಿ, ಗಲ್ಲು ಇಂಥಾದ್ದೆಲ್ಲಾ ಯಾತಕ್ಕರೀ? ರಾತ್ರಿ ಹೆದರಕೊಂತಾವ” ಎಂದರು. ಅವರ ಮಾತು ತೆಗೆದುಹಾಕುವಂಥದಲ್ಲ. ಆದರೆ ನಮ್ಮ ಮಕ್ಕಳು ಇಂಥ ಸಂಗತಿಗಳನ್ನು ಮೊಬೈಲಿನಲ್ಲಿ ದಿನಾಲು ನೋಡುತ್ತಲೇ ಇರುವರು. ಅವನ್ನು ಹೇಗೆ ನೋಡಬೇಕೆಂಬದನ್ನು ಮಾತ್ರ ಅವರಿಗೆ ಕಲಿಸಿದವರಿಲ್ಲ. ಹೀಗೆಂದು ಹೇಳಿದಾಗ ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೂ ಸಂಗಡ ಬರುವದಾಗಿ ತಿಳಿಸಿದರು.

ಪ್ರತಿಯೊಂದು ಸ್ಥಳದಲ್ಲಿಯೂ ಎರಡು ಪ್ರಶ್ನೆ ಕೇಳಿಕೊಳ್ಳಬೇಕೆಂದು ಹುಡುಗಿಯರಿಗೆ ಹೇಳಿದ್ದೆವು: ಈ ಸಂಗತಿಯನ್ನು ಬರೆದಿಟ್ಟವರು ಯಾರು? ಯಾರ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ?

ಧ್ರುವತಾರೆಯನ್ನು ನೋಡಲು ಕಿಂಡಿ ಇರಿಸಿದ ಆ ಪಾಳು ಅರಮನೆಯಲ್ಲಿ ಕುಳಿತು ಮೊದಲನೆಯ ಪ್ರಕರಣವನ್ನು ವಿಚಾರಿಸಿದೆವು. 1824ರ ಸಪ್ಟೆಂಬರದಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನು ದತ್ತಕ ತೆಗೆದುಕೊಂಡಿರುವನೆಂದು ಅರಮನೆಯವರು ತಿಳಿಸಿದರು. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಪತ್ರದ ಸಹಿಯನ್ನು ಸಂಶಯಿಸಿ, ದತ್ತಕವನ್ನು ಒಪ್ಪದೆ, ಖಜಾನೆಗೆ ಮುದ್ರೆ ಹಾಕಿಸಿದನು. “ಸಂಶಯಪಟ್ಟವನೇ ನ್ಯಾಯಾಧೀಶನೂ ಆದನಲ್ಲವೇ?” ಎಂದು ಒಬ್ಬ ಹುಡುಗಿ ಕೇಳಿದಳು. ಇದಕ್ಕಿಂತ ಹೆಚ್ಚಿನದನ್ನು ನಾವು ಹೇಳುವ ಅವಶ್ಯಕತೆ ಇರಲಿಲ್ಲ.

ಎರಡನೆಯದು ಕೋಟೆಯ ಬಾಗಿಲಿನದು. ಅಕ್ಟೋಬರ 23ರಂದು ಮುಚ್ಚಿದ ಬಾಗಿಲಿನೆದುರು ಥ್ಯಾಕರೆಯು ತೋಪುಗಳನ್ನು ತಂದು ನಿಲ್ಲಿಸಿದನು. ಬಾಗಿಲು ತೆರೆದು ಕಿತ್ತೂರಿನ ದಂಡು ಹೊರನುಗ್ಗಿತು. ಅವನು ಗುಂಡಿಗೆ ಬಲಿಯಾದನು. ಹೊಡೆದವನು ಅಮಟೂರ ಬಾಳಪ್ಪನೆಂದು ನಾಡು ಹೇಳುತ್ತ ಬಂದಿದೆ. ಸತ್ತವನು ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪನು. “ಕೊಲೆ ಎಂದರೆ ಕೊಲೆಯೇ” ಎಂದಳು ಒಬ್ಬಳು. “ಬಾಗಿಲಿಗೆ ತೋಪು ಹೂಡಿದವರು ಮೊದಲು ಉತ್ತರ ಕೊಡಲಿ” ಎಂದಳು ಇನ್ನೊಬ್ಬಳು. ಆಗ ನಾವು ಮತ್ತೊಂದು ಸಾಕ್ಷಿಯನ್ನು ಮುಂದಿಟ್ಟೆವು. ಅದೇ ದಿನ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಕಿತ್ತೂರಿನವರ ಕೈಗೆ ಸೆರೆ ಸಿಕ್ಕರು. ರಾಣಿ ಚೆನ್ನಮ್ಮನವರ ಕಡೆಯವರು ಅವರ ಜೀವ ತೆಗೆಯದೆ ಡಿಸೆಂಬರದಲ್ಲಿ ಬಿಟ್ಟುಕೊಟ್ಟರು. ಮುಂದೆ ಸರ್ ವಾಲ್ಟರ್ ಎಲಿಯಟ್ ಎಂದು ಪ್ರಸಿದ್ಧನಾಗಿ, ಕನ್ನಡ ನಾಡಿನ ನೂರಾರು ಶಿಲಾಶಾಸನಗಳನ್ನು ಪ್ರತಿ ಮಾಡಿಸಿ ಕೂಡಿಹಾಕಿದವನು ಆ ಸೆರೆಯಾಳೇ. ಬರಿಯ ಸಿಟ್ಟಿನಿಂದ ಕೊಲ್ಲುವವರು ಕೈಗೆ ಸಿಕ್ಕವರನ್ನು ಉಳಿಸುವದಿಲ್ಲ. ಕೋಟೆಯು ಬಿದ್ದ ಮೇಲೆ ರಾಣಿಯವರು ಬೈಲಹೊಂಗಲದಲ್ಲಿ ಬಂದಿಯಾಗಿ 1829ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು.

ಮೂರನೆಯದು ಸಂಗೊಳ್ಳಿ ರಾಯಣ್ಣನದು. 1830ರಲ್ಲಿ ಕಚೇರಿಗಳನ್ನೂ ದಫ್ತರಗಳನ್ನೂ ಸುಟ್ಟ ಅವನನ್ನು ಮೋಸದಿಂದ ಹಿಡಿದು, 1831ರ ಜನೆವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಕಂಪನಿ ಸರಕಾರಕ್ಕೆ ದಂಗೆಕೋರನಾಗಿದ್ದವನ ಹೆಸರು ಇಂದು ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಇದೆ. ಅವನು ಗಲ್ಲಿಗೇರಿದ ತಾರೀಖಿನಂದೇ ನಮ್ಮ ಶಾಲೆಯ ಅಂಗಳದಲ್ಲಿ ಗಣರಾಜ್ಯದ ಧ್ವಜವು ಏರುವದು.

ಹಾಗಾದರೆ ಅಪರಾಧವೆಂಬದೇ ಸುಳ್ಳೋ? ಹಾಗಲ್ಲ. ಅಧಿಕಾರವಿದ್ದವರು ಇಟ್ಟ ಹೆಸರು ಬೇರೆ, ನಡೆದ ಸಂಗತಿ ಬೇರೆ. ಎರಡನ್ನೂ ಬೇರ್ಪಡಿಸಿ ನೋಡುವದೇ ವಿವೇಕವು. ಮರಳಿ ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇವೆ: “ಅಕ್ಕಾರ, ಈಗ ಯಾವಳಾದರೂ ಹುಡುಗಿ ಕೊಲೆಯಾದರ, ಆಕಿ ಅಷ್ಟೊತ್ತಿನ್ಯಾಗ ಹೊರಗ ಯಾಕ ಹ್ವಾದಳು ಅಂತ ಮೊದಲ ಕೇಳತಾರಲ್ಲ, ಅದನ್ನ ಬರೆಯೋರು ಯಾರ್ರೀ?”

ಅದನ್ನು ಬರೆಯುವವರು ನಾವೇ, ನಮ್ಮ ಪಡಸಾಲೆಗಳಲ್ಲಿ, ಚಹಾ ಕುಡಿಯುತ್ತ. ಆದುದರಿಂದ ಪಾಲಕರಲ್ಲಿ ನಮ್ಮದೊಂದು ವಿಜ್ಞಾಪನೆ: ಇಂಥ ಸುದ್ದಿ ಮನೆಗೆ ಬಂದಾಗ ಮಕ್ಕಳ ಕಿವಿ ಮುಚ್ಚಬೇಡಿರಿ, ಸತ್ತವಳ ನಡತೆಯನ್ನು ತೂಗಲೂ ಬೇಡಿರಿ, ಮೇಲಿನ ಎರಡು ಪ್ರಶ್ನೆಗಳನ್ನು ಮಕ್ಕಳೊಡನೆ ಕುಳಿತು ಕೇಳಿರಿ. ಹಳೆಯ ವಿದ್ಯಾರ್ಥಿನಿಯರಾದ ನೀವು ಇಂದು ತಾಯಂದಿರೂ ಶಿಕ್ಷಕಿಯರೂ ದಾದಿಯರೂ ಆಗಿರುವಿರಿ. ಹೇಳಲಾಗದವಳ ಮಾತನ್ನು ಕೇಳಿ ಬರೆದಿಡುವ ಕೈಗಳು ನಿಮ್ಮವಾಗಲೆಂದು ಹಾರೈಸುತ್ತೇವೆ.