ತೊಡಕು ಬೇರೆ, ಆಳ ಬೇರೆ

ನಿಯಮಗಳು ಹೆಚ್ಚಿದಷ್ಟೂ ಆಟದ ಆಳವು ಹೆಚ್ಚುವದೆಂದೂ, ಅವು ಕಡಿಮೆಯಾದಷ್ಟೂ ಅದು ಮಕ್ಕಳಾಟವಾಗುವದೆಂದೂ ಅನೇಕರು ತಿಳಿದಿರುವರು. ಬ್ಯಾಡಗಿಯ ಮೆಣಸಿನಕಾಯಿಯನ್ನು ಬಲ್ಲವರಾದರೂ ಹೀಗೆ ಮೋಸಹೋಗಲಾಗದು. ಅದರ ಕಡುಗೆಂಪನ್ನು ಕಂಡು ಬೆದರಿದ ಪರಸ್ಥಳದವನು ನಾಲಗೆಗೆ ಹಚ್ಚಿದ ಮೇಲೆ, ಬಣ್ಣವೇ ಬೇರೆ, ಖಾರವೇ ಬೇರೆ ಎಂಬುದನ್ನು ಅರಿಯುವನು. ಆಟದಲ್ಲಿಯೂ ತೊಡಕು ಬೇರೆ, ಆಳ ಬೇರೆ.

ಹುಲಿಕಟ್ಟಿನ ಆಟವನ್ನೇ ನೋಡಬಹುದು. ಅದರ ಪ್ರಚಲಿತವಾದ ಒಂದು ಬಗೆಯಲ್ಲಿ ಹುಲಿಗಳು 3, ಕುರಿಗಳು 15. ಹುಲಿಯು ಪಕ್ಕದ ಕುರಿಯನ್ನು ಹಾರಿ ಅದರಾಚೆಯ ಬರಿದಾದ ಮನೆಗೆ ಹೋದರೆ ಕುರಿ ಸತ್ತಿತು. ಹುಲಿಗಳಿಗೆ ಹೆಜ್ಜೆಯಿಡಲು ಎಡೆಯಿಲ್ಲದಂತಾದರೆ ಕುರಿಗಳು ಗೆದ್ದವು. ಏಳು ವರುಷದ ಹುಡುಗಿಗೂ ಇಷ್ಟನ್ನು ಸ್ವಲ್ಪ ಹೊತ್ತಿನಲ್ಲಿ ಕಲಿಸಬಹುದು. ಆದರೆ ಕುರಿಯ ಬೆನ್ನ ಹಿಂದಿನ ಮನೆಯು ಬರಿದಾಗಿ ಉಳಿಯದಂತೆ ನೋಡಿಕೊಳ್ಳುವದನ್ನೂ, ಒಂದು ಕುರಿಯನ್ನು ಬೇಕೆಂದೇ ಬಲಿಗೊಟ್ಟು ಹುಲಿಯನ್ನು ಮೂಲೆಗೆ ಸೆಳೆಯುವದನ್ನೂ ಕಲಿಯಲು ಬಹುಕಾಲದ ಅಭ್ಯಾಸ ಬೇಕು. ನಿಯಮಗಳು ಕೆಲವೇ, ಎದುರಾಳಿಯ ಉಪಾಯಗಳು ಹಲವು. ಆಳವು ಬಂದುದು ಅಲ್ಲಿಂದ.

ಈಗ ಹಾವೇರಿ, ರಾಣೇಬೆನ್ನೂರುಗಳ ತರುಣರ ಕೈಗೆ ಮೊಬೈಲಿನ ಹಾಗೂ ಕಂಪ್ಯೂಟರಿನ ಆಟಗಳು ಬಂದಿವೆ. ಅಲ್ಲಿಯೂ ಇದೇ ವಾದ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು 2023ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್ 6’ ಎಂಬ ಕಾಳಗದ ಆಟದಲ್ಲಿ ಒಂದು ಹೊಸ ಸೌಕರ್ಯವನ್ನು ಕಲ್ಪಿಸಿದರು. ಹಿಂದೆ ಬೆರಳುಗಳ ದೀರ್ಘ ಸಾಧನೆಯಿಂದ ಒದಗುತ್ತಿದ್ದ ವಿಶೇಷ ಪೆಟ್ಟು ಈಗ ಒಂದೇ ಗುಂಡಿಯನ್ನು ಒತ್ತಿದರೆ ಒದಗುವದು. ಆದರೆ ಅದರ ಬಲವು 100ಕ್ಕೆ 80ರಷ್ಟು ಮಾತ್ರ, ಮತ್ತು ಸಾಧಾರಣ ಪೆಟ್ಟುಗಳಲ್ಲಿ ಕೆಲವು ಅವನ ಕೈಬಿಡುವವು.

ಬೆರಳಿನ ಸಾಧನೆಯೂ ಸಾಧನೆಯೇ. ಪಿಟೀಲು ಬಾರಿಸುವವರನ್ನು ಕಂಡವರು ಅದನ್ನು ಹಗುರವಾಗಿ ಎಣಿಸಲಾರರು. ಆದುದರಿಂದ ಸೌಕರ್ಯಕ್ಕೆ ಬೆಲೆಯಿಟ್ಟುದು ನ್ಯಾಯವೇ. ಹಾಗಿದ್ದರೂ ಎಷ್ಟು ದೂರದಲ್ಲಿ ನಿಲ್ಲಬೇಕು, ಯಾವಾಗ ಹೊಡೆಯಬೇಕು, ಯಾವಾಗ ತಾಳಬೇಕು ಎಂಬ ನಿರ್ಣಯವನ್ನು ಯಾವ ಗುಂಡಿಯೂ ಮಾಡಿಕೊಡದು. ಸರಳಗೊಳಿಸುವವರು ಕೈಯ ಶ್ರಮವನ್ನು ಕಡಿಮೆ ಮಾಡಿದರೆ ಆಟವು ಉಳಿಯುವದು. ಮನಸ್ಸಿನ ಆಯ್ಕೆಯನ್ನೇ ಕಡಿಮೆ ಮಾಡುತ್ತ ಹೋದರೆ ಅದು ಸೊರಗುವದು.

ಇದು ಬರಿಯ ವಿನೋದದ ಮಾತಲ್ಲ. ದಿನವಿಡೀ ಮಾರುಕಟ್ಟೆಯಲ್ಲಿ ಚೀಲ ಹೊತ್ತು, ರಾತ್ರಿ ಒಂದು ತಾಸು ಮಾತ್ರ ಬಿಡುವುಳ್ಳ ತರುಣನಿಗೆ ತೊಡಕಿನ ಆಟವು ಮುಚ್ಚಿದ ಬಾಗಿಲು. ಆಳವಿಲ್ಲದ ಆಟವೋ, ಇದ್ದ ಆ ಒಂದು ತಾಸನ್ನೂ ನುಂಗುವದು. ಹಿರಿಯರು ಅವನನ್ನು ಜರೆಯುವ ಮೊದಲು ಒಂದನ್ನು ಕೇಳಲಿ: “ತಮ್ಮಾ, ಸೋತ ಮೇಲೆ ಎಲ್ಲಿ ತಪ್ಪಿದೆ ಎಂಬುದು ನಿನಗೆ ತಿಳಿಯಿತೇ?” ಅವನು ತನ್ನ ನಡೆಯನ್ನು ತೋರಿಸಬಲ್ಲನಾದರೆ, ಎಷ್ಟೇ ಸರಳವಾಗಿ ಕಂಡರೂ ಆ ಆಟವು ಆಳವಾದುದೇ.