ಮುಂದಿನ ಶಿಫ್ಟಿನವರಿಗೆ

ನಮ್ಮ ಕನ್ನಡ ಸಂಘದ ರೂಮಿನ ಮೂಲೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಲ್ಯಾಬಿನಿಂದ ಹೊರಗಿಟ್ಟಿದ್ದನ್ನು ಸೀನಿಯರ್‌ಗಳು ಕೇಳಿ ತಂದು, ಉಬುಂಟು ಹಾಕಿ, 'ಸರ್ವರ್' ಅಂತ ಕರೆದರು. ಹಳೇ ಸಂಚಿಕೆಗಳು, ರಾಜ್ಯೋತ್ಸವದ ಫೋಟೋಗಳು, ನಾಟಕದ ವಿಡಿಯೋಗಳು ಎಲ್ಲ ಅದಕ್ಕೆ ಸಿಕ್ಕಿಸಿದ ಹಾರ್ಡ್ ಡಿಸ್ಕಿನಲ್ಲಿ. ಐದನೇ ಸೆಮಿಸ್ಟರಿನಲ್ಲಿ ಅದು ನಮ್ಮ ಮೂವರ ಕೈಗೆ ಬಂತು. ಪಾಸ್‌ವರ್ಡ್ ಕೊಟ್ಟು, "ಬ್ಯಾಕಪ್ ತಾನೇ ಆಗುತ್ತೆ, ತಲೆ ಕೆಡಿಸ್ಕೋಬೇಡಿ" ಅಂದರು. ನಾವೂ ಕೆಡಿಸಿಕೊಳ್ಳಲಿಲ್ಲ.

ತಾನೇ ಆಗೋದು ಹೇಗೆ ಅಂತ ಆಮೇಲೆ ತಿಳೀತು. ಯೂನಿಕ್ಸ್ ಲೋಕದಲ್ಲಿ ಕ್ರಾನ್ ಅಂತ ಒಬ್ಬ ಕಾವಲುಗಾರ ಇದ್ದಾನೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಅಂತ ಐದು ಖಾನೆ ತುಂಬಿದರೆ ಆ ಹೊತ್ತಿಗೆ ಹೇಳಿದ ಕೆಲಸ ಮಾಡ್ತಾನೆ. ನಮ್ಮಲ್ಲಿ 'ಸೊನ್ನೆ, ಎರಡು, ಮೂರು ನಕ್ಷತ್ರ' ಇತ್ತು, ಅಂದ್ರೆ ದಿನಾ ರಾತ್ರಿ 2 ಗಂಟೆಗೆ. ಆಗ ಆರ್‌ಸಿಂಕ್ ಓಡಿ, ಹಾರ್ಡ್ ಡಿಸ್ಕಿನಲ್ಲಿ ಇದ್ದದ್ದನ್ನು ಕಂಪ್ಯೂಟರಿನ ಒಳಗಿನ ಡಿಸ್ಕಿಗೆ ಕಾಪಿ ಮಾಡ್ತಿತ್ತು. ಜೊತೆಗೆ 'ಡಿಲೀಟ್' ಅನ್ನೋ ಆಪ್ಷನ್ ಕೂಡ ಇತ್ತು: ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದಲೂ ಅಳಿಸು. ಜಾಗ ಉಳಿಸೋಕೆ ಯಾರೋ ಹಾಕಿರಬೇಕು. ಯಾಕೆ ಅಂತ ಎಲ್ಲೂ ಬರೆದಿರಲಿಲ್ಲ.

ಆ ವರ್ಷ ವಿಶೇಷ ಸಂಚಿಕೆಗೆ ಭದ್ರಾವತಿ ಕಾರ್ಖಾನೆಯವರ ನೆನಪುಗಳನ್ನು ಸಂಗ್ರಹಿಸೋಣ ಅಂದುಕೊಂಡೆವು. 1923ರಲ್ಲಿ ಮೈಸೂರು ಐರನ್ ವರ್ಕ್ಸ್ ಆಗಿ ಶುರುವಾಗಿ, ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಅದು. ನಮ್ಮಲ್ಲೊಬ್ಬನ ಅಜ್ಜ ಅಲ್ಲೇ ಫರ್ನೇಸಿನ ಹತ್ತಿರ ದುಡಿದು ರಿಟೈರ್ ಆದವರು. ಒಂದು ಭಾನುವಾರ ಬಿ.ಎಚ್. ರಸ್ತೆ ಹಿಡಿದು ಬಸ್ಸಿನಲ್ಲಿ ಹೋಗಿ, ಅವರ ಮನೆ ಜಗಲಿ ಮೇಲೆ ಕೂತು ಎರಡು ಗಂಟೆ ರೆಕಾರ್ಡ್ ಮಾಡಿದೆವು. ಕೆಲಸಕ್ಕೆ ಸೇರಿದ ಮೊದಲನೇ ದಿನ ಹೆದರಿ ಹೊರಗೆ ಓಡಿ ಬಂದದ್ದನ್ನು ಹೇಳಿ ಅಜ್ಜ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಿದ್ದರು. ಅವತ್ತೇ ಸಂಜೆ ಫೈಲನ್ನು ಸರ್ವರಿಗೆ ಹಾಕಿ, ಫೋನಿನಲ್ಲಿ ಜಾಗ ಇಲ್ಲ ಅಂತ ಅಲ್ಲಿಂದ ಅಳಿಸಿಬಿಟ್ಟೆವು. ಸರ್ವರಿನಲ್ಲಿ ಇದೆ, ಬ್ಯಾಕಪ್ಪೂ ಇದೆ, ಇನ್ನೇನು?

ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿ ಬಂದು, ಹೋಗಿ ಬಂತು. ಡೆಸ್ಕ್‌ಟಾಪ್ ತಾನೇ ಆನ್ ಆಯಿತು. ಹಾರ್ಡ್ ಡಿಸ್ಕ್ ಮಾತ್ರ ಎದ್ದೇಳಲಿಲ್ಲ, ಸುಟ್ಟಿತ್ತು. ಆ ಡಿಸ್ಕ್ ಮೌಂಟ್ ಆಗಬೇಕಿದ್ದ ಫೋಲ್ಡರ್ ಖಾಲಿ ಉಳೀತು. 2 ಗಂಟೆಗೆ ಸ್ಕ್ರಿಪ್ಟ್ ಎದ್ದು ನೋಡಿತು. ಮೂಲದಲ್ಲಿ ಏನೂ ಇಲ್ಲ. ಸರಿ ಅಂತ ಬ್ಯಾಕಪ್ಪನ್ನೂ ಪೂರ್ತಿ ಗುಡಿಸಿ ಹಾಕಿತು. ಬೆಳಿಗ್ಗೆ ಲಾಗ್ ತೆರೆದರೆ ಪುಟಗಟ್ಟಲೆ 'ಡಿಲೀಟಿಂಗ್, ಡಿಲೀಟಿಂಗ್'. ಒಂದೂ ಎರರ್ ಇಲ್ಲ! ಯಂತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡಿತ್ತು.

ಫೋಟೋರೆಕ್ ಹಾಕಿ ಎರಡು ದಿನ ಕೂತೆವು. ಹಲವು ಫೋಟೋಗಳು ಹೆಸರು ಕಳೆದುಕೊಂಡು ವಾಪಸ್ ಬಂದವು. ಅಜ್ಜನ ದನಿ ಬರಲಿಲ್ಲ.

ಮತ್ತೆ ಭದ್ರಾವತಿಗೆ ಹೋದೆವು. ಹೇಳೋಕೆ ಬಾಯೇ ಬರಲಿಲ್ಲ, ಕಾಫಿ ಮುಗಿದ ಮೇಲೆ ಹೇಳಿದೆವು. ಅಜ್ಜ ಬೈಯಲಿಲ್ಲ. "ಬರ್ಕೊಂಡಿರ್ಲಿಲ್ವೇನ್ರೋ?" ಅಂದರು ಅಷ್ಟೇ. ಆಮೇಲೆ, "ಶಿಫ್ಟ್ ಬಿಡೋ ಮುಂಚೆ ನಾವು ಬುಕ್ಕಲ್ಲಿ ಬರೀಬೇಕಿತ್ತು. ಯಾವ ವಾಲ್ವ್ ಮುಚ್ಚಿದೀವಿ, ಯಾಕೆ ಮುಚ್ಚಿದೀವಿ, ಯಾವ್ದು ತೊಂದ್ರೆ ಕೊಡ್ತಿದೆ ಅಂತ. ನಮಗೆ ಗೊತ್ತಿರುತ್ತೆ ಕಣ್ರೋ, ಆದ್ರೆ ನಾವು ಮನೆಗೆ ಹೋಗಿ ಮಲ್ಗಿರ್ತೀವಿ. ಬರೋನ ಕೈಕಾಲು ತಾನೇ ಹೋಗೋದು" ಅಂದರು.

ಇನ್ನೊಂದು ಸಲ ರೆಕಾರ್ಡ್ ಮಾಡಿಕೊಂಡೆವು. ಈ ಸಲ ನಲವತ್ತು ನಿಮಿಷಕ್ಕೇ ಮುಗೀತು. ಮೊದಲನೇ ದಿನದ ಕಥೆ ಕೇಳಿದ್ದಕ್ಕೆ "ಅದೇನ್ ಬಿಡ್ರೋ, ಆಗ್ಲೇ ಹೇಳಿದ್ನಲ್ಲ" ಅಂದುಬಿಟ್ಟರು.

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಇಳಿದವರೇ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡೆವು. ಅದರಲ್ಲಿ ಪ್ರತಿ ಕೆಲಸಕ್ಕೂ ನಾಲ್ಕು ಸಾಲು: ತಾರೀಖು, ಏನು ಮಾಡಿದೆವು, ಯಾಕೆ ಮಾಡಿದೆವು, ಬೇಡವಾದರೆ ವಾಪಸ್ ಮಾಡೋದು ಹೇಗೆ. ಮೂರನೇ ಸಾಲೇ ಕಷ್ಟದ್ದು. ಕಮಾಂಡ್ ಏನು ಮಾಡುತ್ತೆ ಅಂತ ಮ್ಯಾನ್ ಪೇಜ್ ಹೇಳುತ್ತೆ. ನಾವು ಯಾಕೆ ಹಾಕಿದೆವು ಅಂತ ನಾವೇ ಹೇಳಬೇಕು.

ಈಗ ನಮ್ಮ ಸ್ಕ್ರಿಪ್ಟ್ ಮೊದಲು 'ಮೌಂಟ್‌ಪಾಯಿಂಟ್' ಕಮಾಂಡಿನಿಂದ ಡಿಸ್ಕ್ ನಿಜವಾಗಿ ಇದೆಯಾ ಅಂತ ನೋಡುತ್ತೆ, ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತೆ. 'ಡಿಲೀಟ್' ತೆಗೆದು ತಾರೀಖಿನ ಹೆಸರಿನ ಫೋಲ್ಡರುಗಳನ್ನು ಇಟ್ಟಿದ್ದೇವೆ. ಏನಾದರೂ ಬದಲಾಯಿಸಿದರೆ ಮೊದಲು 'ಡ್ರೈ ರನ್'. ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದು ಫೈಲ್ ತೆಗೆದು ತೆರೆದು ನೋಡ್ತೇವೆ. ವಾಪಸ್ ಬಂದರೆ ತಾನೇ ಅದು ಬ್ಯಾಕಪ್?

ಇದೇನು ನಾವು ಕಂಡುಹಿಡಿದದ್ದಲ್ಲ. 1969ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಯೂನಿಕ್ಸ್ ಶುರು ಮಾಡಿದ ಕೆನ್ ಥಾಂಪ್ಸನ್, ಡೆನಿಸ್ ರಿಚಿ 1971ರಲ್ಲಿ ಮೊದಲ ಕೈಪಿಡಿ ಬರೆದಾಗ, ಕಮಾಂಡುಗಳ ವಿವರದ ಕೆಳಗೆ 'ಬಗ್ಸ್' ಅಂತಲೇ ಒಂದು ಭಾಗ ಇಟ್ಟಿದ್ದರು. ತಾವು ಮಾಡಿದ್ದರಲ್ಲಿ ಏನು ಸರಿಯಿಲ್ಲ ಅಂತ ತಾವೇ ಬರೆದಿಟ್ಟರು. ಅಜ್ಜನ ಲಾಗ್ ಬುಕ್ಕಿನ "ಯಾವ್ದು ತೊಂದ್ರೆ ಕೊಡ್ತಿದೆ" ಅನ್ನೋದೂ ಅದೇ ತಾನೇ!

ಬರುವ ಜೂನಿಗೆ ನಮ್ಮ ಶಿಫ್ಟ್ ಮುಗಿಯುತ್ತೆ. ನೋಟ್‌ಬುಕ್ ಬೀರುವಿನ ಮೇಲಿನ ಅರೆಯಲ್ಲಿದೆ. ಕೊನೇ ಪುಟದಲ್ಲಿ ನಮ್ಮದೂ ಒಂದು 'ಬಗ್ಸ್' ಪಟ್ಟಿ ಇದೆ. ಮೊದಲ ಸಾಲು: 'ಯುಪಿಎಸ್ ಬ್ಯಾಟರಿ ಹಳೇದು, ಹತ್ತು ನಿಮಿಷವೂ ನಿಲ್ಲಲ್ಲ.' ಮಳೆ ಶುರುವಾಗೋ ಮುಂಚೆ ಅದನ್ನು ಮೊದಲು ನೋಡಿ.