ದೂರದ ಅಲೆಯನ್ನು ಹಿಡಿಯುವ ಬಗೆ



ವೈಫೈ ಎಂಬ ಶಬ್ದವು ಈಗ ನಮ್ಮ ಹಳ್ಳಿಯ ಮುದುಕಿಯರ ಬಾಯಲ್ಲಿಯೂ ಕೇಳಿಬರುತ್ತಿರುವುದರಿಂದ ಅದರ ಅರ್ಥವನ್ನು ವಿವರಿಸುತ್ತ ಕೂಡುವ ಅಗತ್ಯವಿಲ್ಲ. ಆದರೆ ಒಂದು ಮನೆಯಲ್ಲಿ ಸಮೃದ್ಧವಾಗಿರುವ ಆ ಸಂಪರ್ಕವು ಓಣಿಯ ಕೊನೆಯನ್ನು ಮುಟ್ಟುವಷ್ಟರಲ್ಲಿ ಏಕೆ ಸೊರಗುತ್ತದೆ, ಸೊರಗಿದುದನ್ನು ಹೇಗೆ ಹಿಡಿದುಕೊಳ್ಳಬಹುದು ಎಂಬುದನ್ನು ಬಲ್ಲವರು ವಿರಳ. ತಾಜಸುಲ್ತಾನಪುರದ ನಮ್ಮ ಓಣಿಯಲ್ಲಿ ಈ ಪ್ರಶ್ನೆಯು ಒಂದು ಬಡ ಮನೆಯ ಹುಡುಗನ ವಿದ್ಯಾಭ್ಯಾಸದ ಪ್ರಶ್ನೆಯಾಗಿ ಎದುರಾದುದರಿಂದ, ಅಲ್ಲಿ ಕಂಡುಕೊಂಡುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವೆ.

ಓಣಿಯ ಕೊನೆಗೆ, ನಮ್ಮ ಮನೆಯಿಂದ ಸುಮಾರು 120 ಮೀಟರ್ ದೂರದಲ್ಲಿ, ಹೊಲಿಗೆ ಕೆಲಸದಿಂದ ಸಂಸಾರ ಸಾಗಿಸುವ ತಾಯಿಯೊಬ್ಬಳು ತನ್ನ ಒಬ್ಬನೇ ಮಗನೊಡನೆ ವಾಸವಾಗಿರುವಳು. ಹುಡುಗನು ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ರಾತ್ರಿಯ ಪಾಠಗಳನ್ನು ಸೋದರಮಾವ ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಕೇಳಬೇಕು. ನಮ್ಮ ಮನೆಯ ಸಂಪರ್ಕವನ್ನು ಬಳಸಿಕೊಳ್ಳಲು ಹೇಳಿದ್ದೆವು. ಆದರೆ ಅದು ದೊರೆಯುತ್ತಿದ್ದುದು ಓಣಿಯ ತಿರುವಿನ ಬೇವಿನ ಕಟ್ಟೆಯ ಮೇಲೆ ಮಾತ್ರ. “ಕಾಕಾ, ಕಟ್ಟಿ ಮ್ಯಾಲ ಕುಂತ್ರ ಬರ್ತದ, ಮನಿಯೊಳಗ ಹೋದ್ರ ಹೋಗ್ತದ” ಎಂದು ಅವನು ಹೇಳಿದ. ಹನ್ನೊಂದು ಗಂಟೆಯವರೆಗೂ ಕತ್ತಲಲ್ಲಿ ಕೂಡುತ್ತಿದ್ದ. “ಅಣ್ಣಾರ, ಹುಳಾ ಹುಪ್ಪಡಿ ತಿರಗ್ಯಾಡೋ ಜಾಗಾ ಅದು. ಓದಬ್ಯಾಡ ಅಂತ ಹ್ಯಾಂಗ ಹೇಳ್ಲಿ, ಹೊರಗ ಕೂಡು ಅಂತ ಹ್ಯಾಂಗ ಹೇಳ್ಲಿ?” ಎಂದ ಆ ತಾಯಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇಂತಹ ಸಂದರ್ಭದಲ್ಲಿ ನೆರೆದವರೆಲ್ಲ ಕೊಡುವ ಸಲಹೆ ಒಂದೇ: ಇನ್ನೂ ಬಲವಾದ ರೌಟರ್ ಕೊಂಡುತನ್ನಿರಿ. ಇದು ಅರ್ಧ ಸತ್ಯ. ವೈಫೈ ಎಂಬುದು ಆಕಾಶವಾಣಿಯಂತೆ ಒಬ್ಬರು ನುಡಿದು ಉಳಿದವರು ಕೇಳುವ ವ್ಯವಸ್ಥೆಯಲ್ಲ. ಅದು ಇಬ್ಬರ ಸಂಭಾಷಣೆ. ನಾವು ಧ್ವನಿವರ್ಧಕ ಹಿಡಿದು ಕೂಗಿದರೆ ದೂರದವನಿಗೆ ಕೇಳಿಸೀತು. ಅವನ ಕ್ಷೀಣ ಸ್ವರದ ಉತ್ತರ ನಮಗೆ ಕೇಳಿಸಬೇಕಲ್ಲ? ಮೇಲಾಗಿ ಕೂಗಿಗೂ ಮಿತಿಯುಂಟು. 2.4 ಗಿಗಾಹರ್ಟ್ಸ್ ಅಲೆಗಳನ್ನು ಪರವಾನಿಗೆ ಇಲ್ಲದೆ ಬಳಸಲು 2005ರಲ್ಲಿ ಅವಕಾಶ ಕೊಟ್ಟ ಕೇಂದ್ರ ಸರಕಾರದ ನಿಯಮವು, ಒಂದು ದಿಕ್ಕಿಗೆ ಹೊರಡುವ ಶಕ್ತಿ 4 ವ್ಯಾಟನ್ನು ಮೀರಬಾರದೆಂದು ಕಟ್ಟು ಹಾಕಿದೆ.

ಆದುದರಿಂದ ಮೊದಲು ನೋಡಬೇಕಾದುದು ದಾರಿಯ ಅಡೆತಡೆಗಳನ್ನು. ದೂರ ಇಮ್ಮಡಿಯಾದರೆ ಅಲೆಯ ಬಲ ಕಾಲುಭಾಗಕ್ಕೆ ಇಳಿಯುತ್ತದೆ, ಅದಕ್ಕೆ ಉಪಾಯವಿಲ್ಲ. ಆದರೆ ನಮ್ಮ ಭಾಗದ ಕಲ್ಲುಮಣ್ಣಿನ ದಪ್ಪ ಗೋಡೆಗಳು ಅಲೆಯನ್ನು ಬಹಳಷ್ಟು ನುಂಗುತ್ತವೆ. ತಗಡಿನ ಮಾಡು ಅದನ್ನು ದಾಟಗೊಡುವುದೇ ಇಲ್ಲ. ನೀರಿನ ಡ್ರಮ್ಮು, ಮಳೆಯಲ್ಲಿ ನೆನೆದ ಗಿಡದ ಎಲೆ, ಕಡೆಗೆ ನಡುವೆ ನಿಂತ ಮನುಷ್ಯನ ದೇಹವೂ ಅದಕ್ಕೆ ಅಡ್ಡಿಯೇ. ನಮ್ಮಲ್ಲಿ ರೌಟರ್ ಕಬ್ಬಿಣದ ಅಲಮಾರಿಯ ಮಗ್ಗುಲಲ್ಲಿತ್ತು. ಅದನ್ನು ಮಾಳಿಗೆಯ ಮೇಲಿನ ಕೋಣೆಯ ಕಿಟಕಿಗೆ ಏರಿಸಿ, ಓಣಿಯ ಕಡೆಗೆ ಮುಖ ಮಾಡಿದೆವು. ಖರ್ಚಿಲ್ಲದ ಈ ಕೆಲಸದಿಂದ ಸ್ವಲ್ಪ ಗುಣ ಕಂಡಿತು. ತಂತಿಯನ್ನೇ ಎಳೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಸಾಧ್ಯವಿದ್ದಲ್ಲಿ ತಂತಿಗೆ ಸಮನಾದುದು ಯಾವುದೂ ಇಲ್ಲ. ಆದರೆ ಈ ಬಗೆಯ ತಂತಿಯ ಮಿತಿ 100 ಮೀಟರ್, ಮತ್ತು ನಡುವೆ ಪರರ ಮನೆಗಳಿದ್ದವು.

ಇಲ್ಲಿ ನಮ್ಮ ಜಿಲ್ಲೆಯದೇ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದ ನೆರವಿನಿಂದ ನಮ್ಮ ಇಸ್ರೋ ಸಂಸ್ಥೆಯು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿತು. ಸೈಟ್ ಎಂಬ ಹೆಸರಿನ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದವು ಆಗಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಿಂದ ಇಳಿದುಬರುವ ಅಲೆ ಎಷ್ಟು ಕ್ಷೀಣವಾಗಿದ್ದಿರಬೇಕು! ಅದನ್ನು ಹಿಡಿದುದು ಯಾವುದೋ ದುಬಾರಿ ಯಂತ್ರವಲ್ಲ. ಕೋಳಿಗೂಡಿಗೆ ಬಡಿಯುವ ತಂತಿ ಜಾಲರಿಯಿಂದ ಮಾಡಿದ, 3 ಮೀಟರ್ ಅಗಲದ ಬೋಗುಣಿಯಾಕಾರದ ತಟ್ಟೆ. ಜಾಲರಿಯ ರಂಧ್ರಗಳ ಮೂಲಕ ಅಲೆ ಸೋರಿಹೋಗದೆ? ಹೋಗದು. ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ರಂಧ್ರವು ಅದಕ್ಕಿಂತ ಬಹಳ ಚಿಕ್ಕದಾಗಿದ್ದರೆ ಜಾಲರಿಯೇ ಅಲೆಗೆ ಗೋಡೆ. ಅಗಲವಾದ ತಟ್ಟೆಯ ಮೇಲೆ ಬಿದ್ದುದೆಲ್ಲ ಪ್ರತಿಫಲಿಸಿ ಒಂದೇ ಬಿಂದುವಿನಲ್ಲಿ ಕೂಡಿಕೊಳ್ಳುವುದು. ದೂರದ ಮಾತಿಗೆ ಅಂಗೈಯನ್ನು ಕಿವಿಯ ಹಿಂದೆ ಹಿಡಿಯುತ್ತೇವಲ್ಲ, ಅದೇ ಯುಕ್ತಿ.

ವೈಫೈ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್. ಆದುದರಿಂದ ಇನ್ನೂ ಚಿಕ್ಕ ತಟ್ಟೆ ಸಾಕು. ಊರ ಮಾಳಿಗೆಗಳ ಮೇಲೆ ತುಕ್ಕು ಹಿಡಿಯುತ್ತ ಬಿದ್ದ ಡಿಟಿಎಚ್ ತಟ್ಟೆಗಳಿಗೆ ಬರವೇ? ಒಂದನ್ನು ಬೇಡಿ ತಂದು, ಅದರ ತೋಳಿನ ತುದಿಯ ಯಂತ್ರವನ್ನು ಬಿಚ್ಚಿ, ಆ ಜಾಗದಲ್ಲಿಯೇ ಲ್ಯಾಪ್‌ಟಾಪಿನ ಯುಎಸ್‌ಬಿ ವೈಫೈ ಅಡಾಪ್ಟರನ್ನು ಕಟ್ಟಿದೆವು. ಮಳೆಗೆ ಪ್ಲಾಸ್ಟಿಕ್ ಹೊದಿಕೆ, ಕೆಳಗಿನ ಕೋಣೆಗೆ ಯುಎಸ್‌ಬಿ ತಂತಿ. ಈ ತಂತಿ 5 ಮೀಟರ್ ಮೀರಬಾರದು. ಒಂದು ಸೂಕ್ಷ್ಮವನ್ನು ಮಾತ್ರ ಮರೆಯಬಾರದು. ಈ ತಟ್ಟೆಗಳ ದೃಷ್ಟಿ ಅವುಗಳ ಮುಖಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಕ್ಕಿರುತ್ತದೆ. ಸಮಮಟ್ಟದ ರೌಟರನ್ನು ನೋಡಬೇಕಾದರೆ ತಟ್ಟೆಯು ತಲೆ ಬಾಗಿಸಿ ನೆಲವನ್ನು ನೋಡುತ್ತಿರುವಂತೆ ಕಾಣಬೇಕು. ನೋಡಿದವರು ನಕ್ಕರು, ನಗಲಿ.

ಅಲೆಯ ಬಲವನ್ನು ತೋರಿಸುವ ಅಂಕೆ ಋಣಸಂಖ್ಯೆಯಲ್ಲಿರುತ್ತದೆ. ಅದು ಹತ್ತು ಮೆಟ್ಟಿಲು ಏರಿದರೆ ಬಲ ಹತ್ತು ಪಟ್ಟು. ಅದೇ ಮಾಳಿಗೆಯ ಮೇಲೆ ತಟ್ಟೆಯಿಲ್ಲದೆ –84 ಇದ್ದುದು, ತಟ್ಟೆಯನ್ನು ಬೆರಳಷ್ಟು ಬೆರಳಷ್ಟು ತಿರುಗಿಸುತ್ತ ಹೋದಾಗ –66ಕ್ಕೆ ಬಂದು ನಿಂತಿತು. ಎಂದರೆ ಅರುವತ್ತು ಪಟ್ಟು. ಹುಡುಗನ ಧ್ವನಿಯೂ ಅದೇ ತಟ್ಟೆಯಿಂದ ಒಂದೇ ದಿಕ್ಕಿಗೆ ಹೊರಡುವುದರಿಂದ ನಮ್ಮ ರೌಟರಿಗೂ ಅದು ಅಷ್ಟೇ ಸ್ಪಷ್ಟ. ಅಂದು ರಾತ್ರಿ ಅವನು ಒಳಗೆ, ಹೊಲಿಗೆ ಯಂತ್ರದ ಮಗ್ಗುಲಲ್ಲಿ ಕುಳಿತು ಪಾಠ ಕೇಳಿದ.

ಸಂಜೆ ಮಾತ್ರ ತುಸು ತೊಡಕಿತ್ತು. ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳಿಸದಿರುವಂತೆ, ನೆರೆಮನೆಗಳ ರೌಟರುಗಳೆಲ್ಲ ಒಂದೇ ಚಾನೆಲ್ಲಿನಲ್ಲಿ ಮಾತನಾಡುತ್ತಿದ್ದವು. ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11. ನಮ್ಮದನ್ನು 11ಕ್ಕೆ ಬದಲಿಸಿದೆವು.

ಹಂಚಿಕೊಳ್ಳುವವರು ಸಂಪರ್ಕ ಕೊಟ್ಟ ಸಂಸ್ಥೆಯ ನಿಬಂಧನೆಗಳನ್ನು ಓದಿಕೊಳ್ಳುವುದು ಲೇಸು. ಅತಿಥಿಗಳಿಗೆ ಬೇರೆಯೇ ಗುಪ್ತಪದವಿರಲಿ. ಏನಾದರೂ ಅನುಚಿತ ನಡೆದರೆ ಮೊದಲು ವಿಚಾರಣೆಗೆ ಒಳಗಾಗುವವನು ಸಂಪರ್ಕದ ಒಡೆಯನೇ. ದಾಸೋಹದ ಮನೆಯಲ್ಲಿಯೂ ಬಾಗಿಲಿಗೆ ಅಗುಳಿ ಇರುವುದಷ್ಟೆ.

ವೈಶಾಖದ ಗಾಳಿಗೆ ತಟ್ಟೆ ಎರಡು ಸಲ ತಿರುಗಿತು. ಈಗ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ಗುರುತು ಮಾಡಿದ್ದೇವೆ; ಅದಕ್ಕೆ ಸರಿಯಾಗಿ ಹುಡುಗನೇ ಮತ್ತೆ ಬಿಗಿಯುತ್ತಾನೆ. ಗುಡುಗು ಕೇಳಿಸಿದೊಡನೆ ತಂತಿಯನ್ನು ಲ್ಯಾಪ್‌ಟಾಪಿನಿಂದ ಬಿಚ್ಚುವ ಹೊಣೆಯನ್ನು ಅವನ ತಾಯಿ ವಹಿಸಿಕೊಂಡಿದ್ದಾಳೆ.